ಮೂವತ್ತೊಂದನೇ ಪುಟದ ಹಸಿರು ಶಾಯಿ

"ಇದು ನಾನು ಕಳಿಸಿದ ಕಾಗದ ಅಲ್ಲ," ಎಂದರು ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ನಿವೃತ್ತ ಎಂಜಿನಿಯರು. "ಇದು ಜೆರಾಕ್ಸು."

ನ್ಯಾಯಾಧೀಶರು ಕಡತವನ್ನು ತಮ್ಮತ್ತ ಎಳೆದುಕೊಂಡರು. ಮೂವತ್ತೊಂದನೇ ಪುಟ. ಮೇಲಿನ ಅಂಚಿನಲ್ಲಿ ಮಾಜಿ ಮಂತ್ರಿಯ ಕೈಬರಹ ಇತ್ತು, ಸಹಿಯೂ ಇತ್ತು. ಆದರೆ ಎಲ್ಲವೂ ಕಪ್ಪು. ಮಂತ್ರಿ ಬರೆದದ್ದು ಹಸಿರು ಶಾಯಿಯಲ್ಲಿ. ಮೂಲ ಪುಟ ಮಾಯ!

ಆ ಒಂದು ಹಾಳೆಯ ಮೇಲೇ ಇಡೀ ಮೊಕದ್ದಮೆ ನಿಂತಿತ್ತು. ಕ್ರೀಡಾಂಗಣದ ಹೊಸ ಗ್ಯಾಲರಿ ಉದ್ಘಾಟನೆಯ ದಿನವೇ ಕುಸಿದು ಹತ್ತೊಂಬತ್ತು ಜನ ಸತ್ತರು. ಅದಕ್ಕೂ ನಾಲ್ಕು ದಿನ ಮೊದಲು ಈ ಎಂಜಿನಿಯರು, ಕಾಂಕ್ರೀಟು ಇನ್ನೂ ಗಟ್ಟಿಯಾಗಿಲ್ಲ, ಜನರನ್ನು ಹತ್ತಿಸಕೂಡದು ಎಂದು ಬರೆದು ಕಳಿಸಿದ್ದರು. ಮಂತ್ರಿ ಅದರ ಅಂಚಿನಲ್ಲೇ 'ಕಾರ್ಯಕ್ರಮ ನಿಲ್ಲುವಂತಿಲ್ಲ, ಹತ್ತಿಸಿ' ಎಂದು ಬರೆದು ಸಹಿ ಹಾಕಿದ್ದ. ಈಗ ತಾನು ಬರೆದೇ ಇಲ್ಲ ಅನ್ನುತ್ತಿದ್ದಾನೆ. ಮುಂದಿನ ವಾರ ಕೈಬರಹ ತಜ್ಞರು ಮೂಲ ಪುಟವನ್ನು ಪರೀಕ್ಷಿಸಬೇಕಿತ್ತು. ನಕಲನ್ನು ಯಾರು ಬೇಕಾದರೂ ಹುಟ್ಟಿಸಬಹುದು ಎಂದು ಅವನ ವಕೀಲರು ಮೊದಲ ದಿನದಿಂದಲೇ ಗಂಟಲು ಹರಿದುಕೊಳ್ಳುತ್ತಿದ್ದರು. ಮೂಲವಿಲ್ಲದಿದ್ದರೆ ಮಂತ್ರಿ ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಾನೆ, ಅಷ್ಟೇ.

ಮಂತ್ರಿ ಹೋದರೆ ಹೋಗಲಿ ಅನ್ನುವಷ್ಟು ನಾನೇನೂ ಕಲ್ಲುಹೃದಯದವಳಲ್ಲ. ಆದರೆ ಆ ಗಳಿಗೆಯಲ್ಲಿ ನನ್ನ ಎದೆ ಧಸಕ್ಕೆಂದದ್ದು ಬೇರೆ ಕಾರಣಕ್ಕೆ. ಆ ಕಡತ ಇರುತ್ತಿದ್ದದ್ದು ರೆಕಾರ್ಡ್ ರೂಮಿನಲ್ಲಿ. ರೆಕಾರ್ಡ್ ರೂಮಿನ ಬೀಗದ ಕೈ ನನ್ನ ಅಕ್ಕನ ಸೊಂಟದಲ್ಲಿ.

ನಾನು ಈ ಮೊಕದ್ದಮೆ ನಡೆಸುತ್ತಿದ್ದ ಸರ್ಕಾರಿ ವಕೀಲರ ಟೈಪಿಸ್ಟು. ಹದಿನೆಂಟು ವರ್ಷದಿಂದ ಅವರು ಹೇಳಿದ್ದನ್ನು ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಆಮೇಲೆ ಟೈಪು ಮಾಡಿಕೊಡುವ ಕೆಲಸ. ನನ್ನ ಬಾಯಿ ಜೋರು, ಕೈ ಅದಕ್ಕಿಂತ ಜೋರು. ಸಾಹೇಬರಿಗೆ ಮಾತ್ರ ಸಮಾಧಾನವಿಲ್ಲ. ಆ ಬುಧವಾರ ಬೆಳಗ್ಗೆಯೂ ಸಾಕ್ಷಿಯ ಪ್ರಶ್ನೆಪಟ್ಟಿಯಲ್ಲಿ ಒಂದು ಪದ ತಪ್ಪಾಗಿದೆ ಎಂದು ಎಲ್ಲರೆದುರು ನನ್ನ ಮಾನ ಹರಾಜು ಹಾಕಿ, ತಿದ್ದಿಸಿಕೊಂಡು ಹೋಗಿದ್ದರು.

ಮಧ್ಯಾಹ್ನದ ಹೊತ್ತಿಗೆ ಮೇಲಿನ ಕೋರ್ಟಿನಿಂದ ವಿಚಾರಣಾಧಿಕಾರಿ ಬಂದಿಳಿದರು. ಐವತ್ತೈದರ ಹೆಂಗಸು. ತಲೆಯ ಮೇಲೆ ಒಂದು ಚಾಳೀಸು ಕನ್ನಡಕ, ಕೊರಳಿನ ದಾರದಲ್ಲಿ ಇನ್ನೊಂದು. ಆದರೂ ಚೀಲದಲ್ಲಿ ಮೂರನೆಯದಕ್ಕೆ ತಡಕಾಡುತ್ತಿದ್ದರು. ಸಂಜೆಯೊಳಗೆ ಕೋರ್ಟಿನ ತುಂಬ ಅವರ ಹೆಸರು 'ಚಾಳೀಸು ಮೇಡಂ' ಎಂದಾಗಿತ್ತು. ಈಯಮ್ಮನ ಕೈಲಿ ಏನಾಗುತ್ತೆ ಎಂದು ನಾನೂ ನಕ್ಕೆ.

ಅವರು ಅಕ್ಕನನ್ನು ಮೊದಲು ಕರೆದರು. ನನ್ನನ್ನೂ ಪಕ್ಕದಲ್ಲಿ ಕೂರಿಸಿಕೊಂಡರು, ಅಕ್ಕನಿಗೆ ಧೈರ್ಯ ಇರಲಿ ಅಂತ. ಅವರಿಗೆ ಇಬ್ಬರ ಮುಖವನ್ನೂ ಒಟ್ಟಿಗೇ ನೋಡಬೇಕಿತ್ತು ಅಂತ ಆಮೇಲೆ ನನಗೆ ಹೊಳೆಯಿತು.

"ಕಡತ ಕಡೇ ಸಲ ಹೊರಗೆ ಹೋಗಿದ್ದು ಯಾವಾಗ?"

"ಹದಿನೈದು ದಿನದ ಹಿಂದೆ, ಹೋದ ವಾಯಿದೆಗೆ," ಎಂದಳು ಅಕ್ಕ. "ಅವತ್ತೇ ವಾಪಸು ಬಂತು. ಎಣಿಸಿದೆ. ಅರವತ್ತೆರಡು ಹಾಳೆ. ಮೊಹರು ಹಾಕಿದೆ."

"ಓದಿ ನೋಡಿದಿರಾ?"

"ನಾವು ಓದಲ್ಲ ಮೇಡಂ. ಎಣಿಸ್ತೀವಿ."

"ಎಣಿಸಿ ತೋರಿಸಿ."

ಅಕ್ಕ ಕಟ್ಟೊಂದನ್ನು ಮೇಜಿನ ಮೇಲಿಟ್ಟು, ಕೆಳಗಿನ ಮೂಲೆಯನ್ನು ಹೆಬ್ಬೆರಳಿನಿಂದ ಸರಸರ ಬಿಡಿಸಿದಳು. ಮೂವತ್ತು ವರ್ಷದ ಪಳಗಿದ ಕೈ. ಹಾಳೆಯ ಮೇಲರ್ಧ ಅವಳ ಕಣ್ಣಿಗೇ ಬೀಳಲಿಲ್ಲ. ಹಸಿರಿದ್ದ ಜಾಗದಲ್ಲಿ ಕಪ್ಪು ಬಂದರೂ ಲೆಕ್ಕ ಅರವತ್ತೆರಡೇ ಆಗುತ್ತಿತ್ತು.

"ಆಮೇಲೆ ಯಾರು ಮುಟ್ಟಿದರು?"

"ನಿನ್ನೆ ಮಂಗಳವಾರ, ಮಂತ್ರಿಗಳ ಕಡೆಯ ಕಿರಿಯ ವಕೀಲರು ಬಂದು ನೋಡಿದರು. ಒಂದು ಗಂಟೆ. ನಾನು ಎದುರಿಗೇ ಇದ್ದೆ."

"ಪೂರ್ತಿ ಒಂದು ಗಂಟೆ?"

ಅಕ್ಕ ತಡೆದಳು. "ಒಂದು ಸಲ ಫೋನು ಬಂತು. ಬಾಗಿಲ ಹತ್ತಿರ ನಿಂತು ಮಾತಾಡಿದೆ."

"ಯಾರ ಫೋನು?"

"ಮನೆಯದು."

ಯಾರದ್ದೆಂದು ಅವಳು ಬಿಡಿಸಿ ಹೇಳಲಿಲ್ಲ. ನಾನು ನೆಲ ನೋಡುತ್ತಿದ್ದೆ.

ಕಿರಿಯ ವಕೀಲನನ್ನು ಕರೆಸಿದಾಗ ಅವನು ಹೇಳಿದ ಮಾತನ್ನು ಯಾರೂ ನಂಬಲಿಲ್ಲ. ಮಂಗಳವಾರ ತಾನು ಕಡತ ತೆರೆದಾಗಲೇ ಅಲ್ಲಿ ಇದ್ದದ್ದು ನಕಲು ಎಂದ. ಹಾಗಿದ್ದರೆ ಕೂಗಿ ಹೇಳಲಿಲ್ಲವೇಕೆ ಎಂದು ಕೇಳಿದ್ದಕ್ಕೆ, ನನ್ನ ಕಕ್ಷಿದಾರನಿಗೆ ಬಂದ ಅದೃಷ್ಟವನ್ನು ನಾನೇ ಯಾಕೆ ಒದೆಯಲಿ ಎಂದು ಹಲ್ಲು ಕಿರಿದ. ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸಿತು ನನಗೆ.

ನಮ್ಮ ಸಾಹೇಬರು ತಮ್ಮ ಹೇಳಿಕೆಯನ್ನು ನಿಂತುಕೊಂಡೇ ಕೊಟ್ಟರು. ಹೋದ ವಾಯಿದೆಯ ದಿನ ಊಟದ ಬಿಡುವಿನಲ್ಲಿ, ನ್ಯಾಯಾಧೀಶರ ಅನುಮತಿ ಪಡೆದೇ, ಕಡತವನ್ನು ಓದಿಕೊಂಡದ್ದು ನಿಜ. ಆಗ ಹಸಿರು ಶಾಯಿಯನ್ನು ಕಣ್ಣಾರೆ ಕಂಡಿದ್ದರಂತೆ. ಆಮೇಲೆ ಏನಾಯಿತೋ ರೆಕಾರ್ಡ್ ರೂಮಿನವರನ್ನೇ ಕೇಳಬೇಕು. ಹಾಗೆಂದವರು ಅಕ್ಕನ ಕಡೆ ನೋಡಲೂ ಇಲ್ಲ. "ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ ಕೇಸು," ಎಂದು ನಿಟ್ಟುಸಿರು ಬಿಟ್ಟರು. ಅಯ್ಯೋ ಪಾಪ ಅನ್ನಿಸಿತು.

ಸಂಜೆಗೆ ಅಕ್ಕನಿಂದ ಬೀಗದ ಕೈ ವಾಪಸು ತೆಗೆದುಕೊಂಡರು. ಶುಕ್ರವಾರದೊಳಗೆ ಬೇರೆ ಯಾರ ಹೆಸರೂ ಬರದಿದ್ದರೆ ಅವಳ ಮೇಲೆ ಪೊಲೀಸು ದೂರು. ನಿವೃತ್ತಿಗೆ ಐದೇ ತಿಂಗಳು. ಮೂವತ್ತು ವರ್ಷ ಒಂದು ಗುಂಡುಪಿನ್ನನ್ನೂ ಮನೆಗೆ ತಂದವಳಲ್ಲ. ಅವಳಿಗೆ ಕೈಕೋಳ!

ಗುರುವಾರ ಬೆಳಗ್ಗೆ ಚಾಳೀಸು ಮೇಡಂ ನನ್ನೊಬ್ಬಳನ್ನೇ ಕರೆದರು. ಟೀ ತರಿಸಿದರು. ಅದೂ ಇದೂ ಮಾತಾಡುತ್ತ, ಮಾತಿನ ಮಧ್ಯೆ ಮೆಲ್ಲಗೆ ಕೇಳಿದರು:

"ನಿಮ್ಮ ಅಕ್ಕನ ಮನೇಲಿ ಈಚೆಗೆ ಏನಾದರೂ ಒಳ್ಳೇದಾಯ್ತಾ?"

ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹಾಳಾದ ಬಾಯಿ. ಅಕ್ಕನ ಮಗ ಆರು ವರ್ಷದಿಂದ ಸರ್ಕಾರಿ ಕೆಲಸದ ಮೇಲೆ ಗಡಿಯ ಮೂಲೆಯೊಂದರಲ್ಲಿ ಕೊಳೆಯುತ್ತಿದ್ದ. ಎಷ್ಟು ಅರ್ಜಿ ಹಾಕಿದರೂ ಅಲ್ಲಾಡದ ವರ್ಗಾವಣೆ ಕಳೆದ ವಾರ ದಿಢೀರನೆ ಆಗಿತ್ತು, ಇದೇ ಊರಿಗೆ. ಅವನು ಬಂದು ಸೇರುವ ತನಕ ಯಾರಿಗೂ ಹೇಳಬೇಡ ಎಂದು ಅಕ್ಕ ನನ್ನ ಕೈ ಹಿಡಿದು ಹೇಳಿದ್ದಳು. ಮಂಗಳವಾರದ ಫೋನೂ ಅವನದೇ ಇರಬೇಕು. ಮಂತ್ರಿಯ ಪಕ್ಷ ಮತ್ತೆ ಸರ್ಕಾರದೊಳಗೆ ಸೇರಿದ್ದೂ ಕಳೆದ ತಿಂಗಳೇ. ಬುಧವಾರ ರಾತ್ರಿಯಿಡೀ ಇವೆರಡೂ ನನ್ನ ತಲೆಯಲ್ಲಿ ಕೈಕೈ ಹಿಡಿದುಕೊಂಡು ಕುಣಿದಿದ್ದವು.

ಎಲ್ಲವನ್ನೂ ಹೇಳಿಬಿಟ್ಟೆ. ಹೌದು, ನನ್ನ ಸ್ವಂತ ಅಕ್ಕನ ಮೇಲೆ ನನಗೆ ಅನುಮಾನ ಬಂದಿತ್ತು. ಹೇಳಿದ ಮೇಲೆ ಅಳು ಬಂತು. ಅತ್ತರೆ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಬಂದರೆ ಸಿಕ್ಕಿದ್ದನ್ನೆಲ್ಲ ಬೈಯುತ್ತೇನೆ. ಬುಧವಾರ ಎದ್ದ ಗಳಿಗೆಯೇ ಸರಿಯಿರಲಿಲ್ಲ, ಬೆಳಗ್ಗೆ ಬೆಳಗ್ಗೆ ಸಾಹೇಬರ ಕೈಲಿ ಬೈಸಿಕೊಂಡೆ, ಅದೂ ನಾನು ಮಾಡದ ತಪ್ಪಿಗೆ ಎಂದು ಮೂಗು ಸೀಟಿಕೊಂಡೆ.

ಮೇಡಂ ಟೀ ಲೋಟ ಕೆಳಗಿಟ್ಟರು. "ಯಾವ ತಪ್ಪಿಗೆ?"

"ಪ್ರಶ್ನೆಪಟ್ಟೀಲಿ ಒಂದು ಪದ. 'ನಕಲು' ಅಂತ ಹೊಡೆದಿದ್ದೀಯ, 'ಮೂಲ' ಅಂತ ಮಾಡು ಅಂದರು. ನಾನು ಹಾಗೆಲ್ಲ ಮನಸ್ಸಿಗೆ ಬಂದದ್ದು ಹೊಡೆಯೋಳಲ್ಲ ಮೇಡಂ."

"ಯಾವ ಪುಟದ ಪ್ರಶ್ನೆ?"

"ಪುಟ ಯಾರು ನೋಡ್ತಾರೆ? ಕೈ ಓಡುತ್ತೆ, ಅಷ್ಟೇ."

"ಸಾಹೇಬರು ಹೇಳಿದ್ದನ್ನ ಬರೆದುಕೊಂಡ ಪುಸ್ತಕ ಇದೆಯಾ?"

ಇದೆಯಾ ಅಂದರೆ? ಹದಿನೆಂಟು ವರ್ಷದ್ದೂ ಇದೆ. ನಾನು ತಪ್ಪು ಮಾಡಿಲ್ಲ ಎಂದು ತೋರಿಸಿಯೇ ತೀರಬೇಕೆಂದು ಓಡಿಹೋಗಿ ತಂದೆ. ಸೋಮವಾರದ ಹಾಳೆ. ಮೇಲೆ ತಾರೀಖು, ವೇಳೆ. ಬೆರಳಿಟ್ಟು ಓದತೊಡಗಿದೆ: ಮೂವತ್ತನೇ ಪುಟ, ಮೂಲ ತೋರಿಸುವುದು. ಮೂವತ್ತೊಂದನೇ ಪುಟ—

ಬೆರಳನ್ನು ಆ ಪದದ ಕೆಳಗೇ ಇಟ್ಟು, ಪುಸ್ತಕವನ್ನು ಮೇಡಂ ಕಡೆ ತಿರುಗಿಸಿದೆ. ಮೇಡಂ ಆ ಹಾಳೆಗೆ ನನ್ನ ಸಹಿ ಹಾಕಿಸಿಕೊಂಡು, ಪುಸ್ತಕವನ್ನು ಲಕೋಟೆಗೆ ಸೇರಿಸಿ ಅಂಟಿಸಿದರು. ಶುಕ್ರವಾರದವರೆಗೆ ಮನೆಯಲ್ಲೂ ಬಾಯಿ ಬಿಡಬಾರದು ಎಂದರು. ಈ ಸಲ ಬಿಡಲಿಲ್ಲ.

ಶುಕ್ರವಾರ ಮಧ್ಯಾಹ್ನ ನ್ಯಾಯಾಧೀಶರ ಕೋಣೆಯಲ್ಲಿ ಎಲ್ಲರನ್ನೂ ಸೇರಿಸಿದರು. ಸಾಹೇಬರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಅಕ್ಕ ಬಾಗಿಲ ಬಳಿ ನಿಂತೇ ಇದ್ದಳು.

"ಸಾಕ್ಷಿಯ ಪ್ರಶ್ನೆಗಳನ್ನ ಸೋಮವಾರ ಹೇಳಿ ಬರೆಸಿದಿರಿ, ಅಲ್ವಾ?" ಎಂದು ಮೇಡಂ ಸಾಹೇಬರನ್ನು ಕೇಳಿದರು.

"ಹೌದು."

"ಕಡತ ನೋಡಿಕೊಂಡು?"

"ಕಡತ ಮೊಹರಿನಲ್ಲಿತ್ತು. ನನ್ನ ಹತ್ತಿರ ಅಷ್ಟೂ ಪುಟಗಳ ನಕಲಿದೆ. ಅದನ್ನ ನೋಡಿಕೊಂಡು."

"ಸೋಮವಾರ ನಿಮಗೆ ಗೊತ್ತಿದ್ದ ಹಾಗೆ, ಮೊಹರಿನೊಳಗೆ ಇದ್ದದ್ದೆಲ್ಲ ಮೂಲ ಪುಟಗಳೇ?"

"ಅನುಮಾನವೇ ಇರಲಿಲ್ಲ."

"ಮೂವತ್ತನೇ ಪುಟಕ್ಕೆ 'ಮೂಲ ತೋರಿಸುವುದು' ಅಂತ ಬರೆಸಿದ್ದೀರಿ. ಮೂವತ್ತೆರಡಕ್ಕೂ ಹಾಗೇ. ಮೂವತ್ತೊಂದಕ್ಕೆ ಮಾತ್ರ 'ನಕಲು ತೋರಿಸುವುದು'. ಯಾಕೆ?"

"ಟೈಪಿಸ್ಟಳ ಅಜಾಗರೂಕತೆ. ಬುಧವಾರ ಬೆಳಗ್ಗೆಯೇ ತಿದ್ದಿಸಿದೆ."

ಮೇಡಂ ಲಕೋಟೆ ಒಡೆದು ನನ್ನ ಪುಸ್ತಕವನ್ನು ನ್ಯಾಯಾಧೀಶರ ಮುಂದಿಟ್ಟರು. ಬೇರೆ ಕೋರ್ಟಿನ ಇಬ್ಬರು ಶೀಘ್ರಲಿಪಿಗಾರರಿಂದ ಬೇರೆಬೇರೆಯಾಗಿ ಓದಿಸಿದ್ದರು. ಇಬ್ಬರೂ ಓದಿದ್ದು ಒಂದೇ: ನಕಲು.

"ಕಿರಿಯ ವಕೀಲರು ಕಡತ ನೋಡಿದ್ದು ಮಂಗಳವಾರ," ಎಂದರು ಮೇಡಂ. "ಸೋಮವಾರವೇ ಅದು ನಕಲು ಅಂತ ಗೊತ್ತಿದ್ದದ್ದು ಅದನ್ನ ಅಲ್ಲಿ ಇಟ್ಟವರಿಗೆ ಮಾತ್ರ. ಹದಿನೈದು ದಿನದ ಹಿಂದೆ, ಊಟದ ಬಿಡುವಿನಲ್ಲಿ, ದಾರ ಬಿಚ್ಚಿ ಹಾಳೆ ಬದಲಾಯಿಸಿದಿರಿ. ಸಂಜೆ ಬಾಗಿಲ ಹತ್ತಿರ ನಿಂತಿರೋ ಈಯಮ್ಮ ಮೂಲೆ ಎಣಿಸಿ ಒಳಗಿಟ್ಟರು. ಮಂಗಳವಾರ ಎದುರು ಕಡೆಯವರು ಬರೋದು ನಿಮಗೆ ಗೊತ್ತಿತ್ತು. ಅನುಮಾನ ಅಲ್ಲಿಗೆ ಹೋಗಲಿ, ಇಲ್ಲಾ ಈಯಮ್ಮನ ತಲೆಗೆ ಬರಲಿ. ಎಲ್ಲ ಸರಿಯಾಗಿಯೇ ಯೋಚಿಸಿದ್ದಿರಿ. ಕಳ್ಳತನಕ್ಕೆ ಹೊಸಬರು, ವಕೀಲಿಕೆಗೆ ಹಳಬರು. ನಕಲನ್ನ ಮೂಲ ಅಂತ ಕರೆದು ಅಭ್ಯಾಸವೇ ಇಲ್ಲ ನಿಮಗೆ."

ಅದು ನಿಜ. ನಕಲನ್ನು ಮೂಲ ಎಂದು ಬರೆದರೆ ಎದುರು ವಕೀಲರು ಚರ್ಮ ಸುಲಿಯುತ್ತಾರೆ ಎಂದು ನನಗೆ ಕಲಿಸಿದವರೇ ಅವರು.

"ಒಂದು ಪದ," ಎಂದು ಸಾಹೇಬರು ನಕ್ಕರು. "ಒಂದು ಪದಕ್ಕೆ ನನ್ನನ್ನ ಕಳ್ಳ ಅಂತೀರಾ?"

"ಇಲ್ಲ. ಆ ಪದದಿಂದ ನಿಮ್ಮ ಕೋಣೆ ಶೋಧಿಸೋಕೆ ಆದೇಶ ಸಿಕ್ಕಿತು. ಅರ್ಧ ಗಂಟೆಯಿಂದ ಪೊಲೀಸರು ಅಲ್ಲೇ ಇದ್ದಾರೆ. ಮಂತ್ರಿಯ ಪಕ್ಷದವರು ನಿಮ್ಮನ್ನ ರಾಜ್ಯದ ಮುಖ್ಯ ಸರ್ಕಾರಿ ವಕೀಲರನ್ನಾಗಿ ಮಾಡ್ತಾರೆ ಅಂತ ಕೋರ್ಟಿನ ಗೋಡೆಗಳೂ ಮಾತಾಡ್ತಿವೆ. ನೇಮಕದ ಆದೇಶ ಇನ್ನೂ ಬಂದಿಲ್ಲ. ಅದು ಕೈಗೆ ಬರೋ ತನಕ ಆ ಹಾಳೇನ ಸುಡೋವಷ್ಟು ನೀವು ಆ ಮಂತ್ರೀನ ನಂಬೋದಿಲ್ಲ."

ಬಾಗಿಲು ತಟ್ಟಿದ ಸದ್ದಾಯಿತು. ಪೊಲೀಸು ಅಧಿಕಾರಿಯೊಬ್ಬರು ಪಾರದರ್ಶಕ ಹೊದಿಕೆಯಲ್ಲಿ ಒಂದು ಹಾಳೆ ತಂದು ಮೇಜಿನ ಮೇಲಿಟ್ಟರು. ಮುಗಿದುಹೋದ ಯಾವುದೋ ಕೇಸಿನ ಕಟ್ಟಿನ ನಡುವೆ, ಸಾಹೇಬರ ಬೀರುವಿನಲ್ಲಿ ಸಿಕ್ಕಿತಂತೆ. ಮೇಲಿನ ಅಂಚಿನ ಶಾಯಿ ಹಸಿರಾಗಿತ್ತು.

ಸಾಹೇಬರು ಕಾಲು ಕೆಳಗಿಳಿಸಿದರು. ಯಾರನ್ನೂ ನೋಡದೆ, "ಇವತ್ತು ಆದೇಶ ಬರುತ್ತೆ ಅಂದಿದ್ದರು," ಎಂದರು.

ಹೆಸರು ಬರೆಸಿ, ಸಹಿ ಹಾಕಿಸಿ ಪೊಲೀಸರು ಅವರನ್ನು ಕರೆದುಕೊಂಡು ಹೋದರು. ಹಾಳೆ ತಜ್ಞರಿಗೆ ಹೋಯಿತು. ಸಾಕ್ಷ್ಯ ಕದಿಸಿದ್ದಕ್ಕೆ ಮಂತ್ರಿಯ ಮೇಲೆ ಇನ್ನೊಂದು ದೂರು ದಾಖಲಾಯಿತು. ಊರು ಬಿಟ್ಟು ಕದಲಬಾರದು ಎಂದು ನ್ಯಾಯಾಧೀಶರು ಅವತ್ತೇ ಆಜ್ಞೆ ಮಾಡಿದರು. ಅಕ್ಕನಿಗೆ ಬೀಗದ ಕೈ ವಾಪಸು ಬಂತು. ಮಗನ ವರ್ಗಾವಣೆಗೂ ಇದಕ್ಕೂ ಸಂಬಂಧವಿಲ್ಲ, ಆ ಪಟ್ಟಿಯಲ್ಲಿ ಇನ್ನೂ ನಲವತ್ತು ಜನರಿದ್ದರು ಎಂದು ಮೇಡಂ ಅದಾಗಲೇ ವಿಚಾರಿಸಿಕೊಂಡಿದ್ದರು.

ನಾನು ಕುಣಿಯುತ್ತ ರೆಕಾರ್ಡ್ ರೂಮಿಗೆ ಓಡಿದೆ. ಅಕ್ಕ ಕಟ್ಟೊಂದಕ್ಕೆ ದಾರ ಬಿಗಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಮೇಡಂ ಮಗನ ವರ್ಗಾವಣೆ ಬಗ್ಗೆ ಕೇಳಿದರು," ಎಂದಳು. "ನಿನ್ನ ಬಿಟ್ಟು ನಾನು ಯಾರಿಗೂ ಹೇಳಿರಲಿಲ್ಲ. ನಿನ್ನ ಭಾವನಿಗೂ ಹೇಳಿರಲಿಲ್ಲ."

"ನಾನೇ ಹೇಳಿದ್ದು," ಎಂದೆ.

"ನಾನು ಕದ್ದಿದ್ದೀನಿ ಅಂದುಕೊಂಡ್ಯಾ?"

"ಒಂದು ದಿನ."

"ಒಂದು ದಿನ," ಎಂದು ಅವಳೂ ಹೇಳಿ ಗಂಟು ಹಾಕಿದಳು. ಆಮೇಲೆ ಬಾಗಿಲ ಬಳಿಯ ಮೇಜಿನಿಂದ ಒಂದು ಪುಸ್ತಕ ತಂದು ನನ್ನ ಮುಂದೆ ಬಿಡಿಸಿಟ್ಟಳು. ಹೊರಗಿನವರು ಒಳಗೆ ಬಂದರೆ ಸಹಿ ಮಾಡುವ ಪುಸ್ತಕ. ಹದಿನೆಂಟು ವರ್ಷದಲ್ಲಿ ಅದನ್ನು ನಾನು ಮುಟ್ಟಿರಲೇ ಇಲ್ಲ.

ಹೆಸರು ಬರೆದೆ. ಬಂದ ವೇಳೆ ಬರೆದೆ. ಯಾತಕ್ಕೆ ಬಂದಿದ್ದು ಎಂಬ ಜಾಗದಲ್ಲಿ ಪೆನ್ನು ನಿಂತುಬಿಟ್ಟಿತು. ಅಕ್ಕ ಪಕ್ಕದಲ್ಲೇ ನಿಂತು ಕಾಯುತ್ತಿದ್ದಳು.