ಐದು ಎತ್ತು, ಮೂರು ಮೊಳೆ

ಸತ್ತ ಎತ್ತುಗಳ ಕಾಲಿನಿಂದ ಲಾಳ ಕಿತ್ತುಕೊಡಬೇಕಂತೆ, ಹೊಸ ಎತ್ತು ತಂದಾಗ ಅವನ್ನೇ ಹೊಡೆಸುತ್ತಾರಂತೆ! ದೇವರಮನೆ ಗುಡ್ಡದ ಕೆಳಗಿನ ಕಾಫಿ ತೋಟದ ಲಕ್ಕಪ್ಪಗೌಡರು ಹೀಗೆ ಹೇಳಿಕಳಿಸಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಹದಿನೈದು ದಿನದ ಹಿಂದಷ್ಟೇ ಆ ಎತ್ತುಗಳಿಗೆ ಲಾಳ ಹೊಡೆದವನು ನಾನು, ಮೂಡಿಗೆರೆಯ ಅಬ್ದುಲ್ ಮಜೀದ್. ಒಂದೊಂದರ ಗೊರಸೂ ನನಗೆ ಗೊತ್ತು. ಅದು ಸಾವಿರದ ಒಂಬೈನೂರ ಮೂವತ್ತಾರನೇ ಇಸವಿಯ ಡಿಸೆಂಬರ್ ತಿಂಗಳು.

"ಕಾಲು ಮುರಿದರೂ ಹೋಗಲ್ಲ" ಅಂದೆ.

"ಒಂದೇ ವಾರದಲ್ಲಿ ಐದು ಎತ್ತು ಸತ್ತಿವೆ ಕಣ್ರೀ, ಸೋಮವಾರ ಎರಡು, ಬುಧವಾರ ಮೂರು. ಹೋಗೋಣ ನಡೀರಿ. ಹೊಸ ಮೊಳೆ ಒಂದಿಷ್ಟು ಚೀಲಕ್ಕೆ ಹಾಕ್ಕೊಳ್ಳಿ" ಅಂದಳು ನನ್ನ ಹೆಂಡತಿ ರೌಶನ್ ಬೀ.

ಅವಳು ನಡೀರಿ ಅಂದ ಮೇಲೆ ಮುಗಿಯಿತು. ಅವಳಪ್ಪ ದನ ಕುದುರೆಗಳಿಗೆ ಔಷಧಿ ಕೊಡುತ್ತಿದ್ದ ಹಕೀಮರು. ಆ ವಿದ್ಯೆ ಮಗಳಿಗೂ ಬಂದಿತ್ತು, ಜೊತೆಗೆ ಕಳ್ಳರ ಜಾಡು ಹಿಡಿಯುವ ಬುದ್ಧಿಯೂ ಇತ್ತು. ಕಳವಾದ ಎಮ್ಮೆಯಿಂದ ಹಿಡಿದು ಕಲಬೆರಕೆ ಹಿಂಡಿಯವರೆಗೆ ಯಾವ ತಕರಾರಿದ್ದರೂ ಸುತ್ತಲಿನ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು. ಅವಳ ಹಿಂದೆ ಚೀಲ ಹೊತ್ತು ತಿರುಗುವುದು ನನ್ನ ಪಾಲಿನ ಕೆಲಸ.

ತೋಟದ ಕಣದಲ್ಲಿ ಮುದ್ದಮ್ಮ ಕೂತಿದ್ದಳು. ಗುಡ್ಡದ ಹುಲ್ಲು ಕೊಯ್ದು ಬದುಕುವ ವಿಧವೆ ಅವಳು. ಕೈಗೆ ಹಗ್ಗ ಬಿಗಿದಿದ್ದರು. ಪೊಲೀಸ್ ದಫೇದಾರ್ ರುದ್ರಯ್ಯ ಪಕ್ಕದಲ್ಲಿ ಎಲೆಅಡಿಕೆ ಜಗಿಯುತ್ತಾ ನಿಂತಿದ್ದ. ಹೆಂಗಸಿನ ಕೈಗೆ ಹಗ್ಗ! ನಾನು ಬಾಯಿ ತೆರೆಯುವಷ್ಟರಲ್ಲಿ ರೌಶನ್ ನನ್ನ ತೋಳು ಚಿವುಟಿದಳು.

"ಇವಳೇ ವಿಷ ಹಾಕಿದ್ದು ಬೂಬಮ್ಮ" ಅಂದರು ಗೌಡರು. "ದನ ನೀರು ಕುಡಿಯೋ ಕಲ್ಲುಬಾನಿ ಹತ್ರ ಕತ್ತಿ ತೊಳೀತಿದ್ದಳು. ಕಂಡವರಿದ್ದಾರೆ. ನನ್ನ ಕೊಟ್ಟಿಗೆ ಬರಿದಾಗ್ಲಿ ಅಂತ ಹತ್ತು ಜನರ ಮುಂದೆ ಶಾಪ ಹಾಕಿದ್ದಳು."

"ಹಾಕಿದ್ದೆ, ಇನ್ನೂ ಹಾಕ್ತೀನಿ!" ಅಂದಳು ಮುದ್ದಮ್ಮ. "ಊರೆಲ್ಲ ದನ ಮೇಯಿಸೋ ಗೋಮಾಳಕ್ಕೆ ಮುಳ್ಳುತಂತಿ ಬಿಗಿದ್ರಲ್ಲ, ನನ್ನ ಬೆಳ್ಳಿ ಮೂತಿ ಸೀಳಿಸಿಕೊಂಡು ಬಂತು. ಗಬ್ಬದ ಹಸು ರೌಶನಕ್ಕ! ಈಗ ಅದನ್ನೂ ಎಳ್ಕೊಂಡು ಬಂದು ಕಟ್ಟಿದ್ದಾರೆ, ಎತ್ತಿಗೆ ಬದಲಂತೆ. ಬಾಯಿಮಾತಲ್ಲಿ ಶಾಪ ಹಾಕೋದು ಬೇರೆ, ದನಕ್ಕೆ ವಿಷ ಹಾಕೋದು ಬೇರೆ. ನಾನು ಅಂಥವಳಲ್ಲ."

ರೌಶನ್ ಕೊಟ್ಟಿಗೆಗೆ ನಡೆದಳು. ಸತ್ತ ಎತ್ತುಗಳ ಜಾಗದಲ್ಲಿ ಇನ್ನೂ ಬಾಚದ ಸಗಣಿ ಬಿದ್ದಿತ್ತು, ನವಿಲುಗರಿಯ ಬಣ್ಣಕ್ಕೆ ತಿರುಗಿದ ಹಸಿರುನೀಲಿ ಸಗಣಿ. ಮೂಲೆಯಲ್ಲಿ ಬೆಳ್ಳಿಯನ್ನು ಕಟ್ಟಿದ್ದರು. ಮುಂದೆ ಬಣವೆಯಿಂದ ತಂದ ಒಂದು ಹೊರೆ ಹುಲ್ಲು. ರೌಶನ್ ಓಡಿಹೋಗಿ ಆ ಹುಲ್ಲನ್ನೆಲ್ಲ ಬಾಚಿ ಹೊರಗೆಸೆದಳು. "ಯಾವಾಗ ತಂದು ಕಟ್ಟಿದ್ದು?" ಅಂದಳು. "ಈಗಿನ್ನೂ, ಬೆಳಿಗ್ಗೆ" ಅಂದ ಆಳು. ಅಬ್ಬಾ, ಸದ್ಯ! ಹಸುವಿನ್ನೂ ಹುಲ್ಲಿಗೆ ಸರಿಯಾಗಿ ಬಾಯಿ ಹಾಕಿರಲಿಲ್ಲ.

ಗೌಡರ ಮನೆಯ ಹಿತ್ತಿಲ ಕೊಟ್ಟಿಗೆಯಲ್ಲಿ ಅವರ ಹಾಲು ಕರೆಯುವ ಹಸು ಭತ್ತದ ಹುಲ್ಲು ತಿನ್ನುತ್ತಿತ್ತು. ರೌಶನ್ ಅದನ್ನೂ ಒಂದು ಕ್ಷಣ ನಿಂತು ನೋಡಿದಳು.

ಬಣವೆ ಇದ್ದದ್ದು ಕಣದ ಆಚೆ ತುದಿಗೆ, ಗೋಡೌನಿನ ಪಕ್ಕ. ರೌಶನ್ ಮುದ್ದಮ್ಮನನ್ನು ಕೇಳಿದಳು: "ಹುಲ್ಲು ಕೊಯ್ದವಳು ನೀನೇ. ಒಟ್ಟಿದ್ದು?"

"ನಾವು ಆರು ಜನ ಹೆಂಗಸರು, ಬೆಳಿಗ್ಗೆ ಮಂಜಲ್ಲೇ ಒಟ್ಟೋಕೆ ಶುರು ಮಾಡಿದ್ವಿ. ಸೊಂಟದ ಮಟ್ಟ ಬಂದಾಗ ಕೆಳಗಿಳಿದ್ವಿ, ಉಪ್ಪುನೀರು ಆಗ್ಬೇಕಲ್ಲ. ಅದಾದ ಮೇಲೆ ಮತ್ತೆ ಹತ್ತಿ ಒಟ್ಟಿದ್ವಿ."

ನಮ್ಮ ಕಡೆ ಇದೊಂದು ರೂಢಿ. ದನಕ್ಕೆ ರುಚಿ ಹತ್ತಲಿ ಅಂತ ಬಣವೆಯ ನಡುವಿಗೆ ಉಪ್ಪುನೀರು ಚಿಮುಕಿಸುತ್ತಾರೆ. ಕೊಟ್ಟಿಗೆಯ ಭಾಗ್ಯ ಮನೆಯಲ್ಲೇ ಉಳಿಯಲಿ ಅಂತ ಯಜಮಾನ ತನ್ನ ಕೈಯಾರೆ ಚಿಮುಕಿಸಬೇಕು. ಆಗ ಆಳುಗಳು ಕಣದಲ್ಲೂ ನಿಲ್ಲುವಂತಿಲ್ಲ.

"ಕೂಲಿಗೆ ಏನು ಕೊಟ್ರು?"

"ಒಟ್ಟೋಕೆ ಮುಂಚೆನೇ ತಲಾ ಒಂದು ಹೊರೆ ಹುಲ್ಲು. ಬೆಳ್ಳಿ ಅದನ್ನೇ ತಿಂದ್ಕೊಂಡಿತ್ತು. ಇನ್ನೂ ಅರ್ಧ ಹೊರೆ ಮನೇಲಿದೆ."

ರೌಶನ್ ಆ ಅರ್ಧ ಹೊರೆಯನ್ನು ತರಿಸಿದಳು. ಆಮೇಲೆ ತೋಟದ ಲೆಕ್ಕ ಬರೆಯುವ ರೈಟರ್ ಜನಾರ್ದನನ ಕಡೆ ತಿರುಗಿದಳು. ಮಂಗಳೂರು ಕಡೆಯ ಪಾಪದ ಹುಡುಗ, ಆಗಲೇ ಬೆವರುತ್ತಿದ್ದ. "ಕಾಫಿ ಗಿಡದ ರೋಗಕ್ಕೆ ಹೊಡೆಯೋ ಮೈಲುತುತ್ತ, ಆ ನೀಲಿ ವಿಷ, ಯಾರ ಹತ್ರ ಇರುತ್ತೆ?"

"ಕೀಲಿ ನನ್ನ ಹತ್ರವೇ. ಆದ್ರೆ ಚೀಲ ಬಿಚ್ಚಿಲ್ಲ ಮಾರಾಯ್ರೇ, ಬೇಕಾದ್ರೆ ನೋಡಿ! ಹೋದ ತಿಂಗಳು ಮದ್ದು ಹೊಡೆಯುವಾಗ ಅದಕ್ಕೆ ಬೆರೆಸುವ ಸುಣ್ಣ ಮುಗಿದು ಕೆಲಸ ನಿಂತಿತ್ತು. ಕರಗಿಸಿದ್ದ ಮೈಲುತುತ್ತ ಕಾಲು ಪೀಪಾಯಿ ಉಳಿದಿತ್ತು. ಗೋಡೌನಿನ ಹೊರಗೇ ಇಟ್ಟಿದ್ದೆ. ಮೊನ್ನೆ ನೋಡಿದ್ರೆ ಯಾರೋ ಪೀಪಾಯಿ ತೊಳೆದು ಬೋರಲು ಹಾಕಿದ್ದಾರೆ."

"ಹಾಗಾದ್ರೆ ಇವನೇ!" ಅಂದ ದಫೇದಾರ್, ಹಗ್ಗ ಹುಡುಕುತ್ತಾ. ಇವನಿಗೆ ಯಾರ ಕೈಯಾದರೂ ಆದೀತು, ಹಗ್ಗ ಬಿಗಿದರೆ ಸಾಕು.

"ಸ್ವಲ್ಪ ತಾಳಿ. ರೈಟರೇ, ಮದ್ದು ಹದಕ್ಕೆ ಬಂತು ಅಂತ ಹೇಗೆ ನೋಡ್ತೀರಿ?"

"ಉಜ್ಜಿದ ಚಾಕು ಅದ್ದುತ್ತೇವೆ. ಮೈಲುತುತ್ತ ಹೆಚ್ಚಾಗಿದ್ರೆ ಚಾಕು ತಾಮ್ರದ ಹಾಗೆ ಕೆಂಪಾಗ್ತದೆ. ಆಗ ಇನ್ನಷ್ಟು ಸುಣ್ಣ ಹಾಕ್ತೇವೆ."

ರೌಶನ್ ಎಲ್ಲರನ್ನೂ ಕಣಕ್ಕೆ ಕರೆಸಿದಳು. ಹುಲ್ಲು ಒಟ್ಟಿದ ಹೆಂಗಸರು, ಗಾಡಿ ಹೊಡೆಯುವವರು, ಗೌಡರು, ಎಲ್ಲರೂ ಬಂದರು. ಮೂರು ಮಣ್ಣಿನ ಕುಡಿಕೆ ಇಡಿಸಿದಳು. ಒಂದಕ್ಕೆ ಕಲ್ಲುಬಾನಿಯ ನೀರು. ಒಂದರಲ್ಲಿ ಮುದ್ದಮ್ಮನ ಮನೆಯ ಹುಲ್ಲನ್ನು ನೆನೆಹಾಕಿ ಹಿಂಡಿದ ನೀರು. ಮೂರನೆಯದರಲ್ಲಿ ಬಣವೆಯ ನಡುವಿನಿಂದ ಹಿರಿದ ಹುಲ್ಲಿನ ನೀರು. ನನ್ನ ಚೀಲದಿಂದ ಮೂರು ಹೊಸ ಲಾಳದ ಮೊಳೆ ತೆಗೆದು ಒಂದೊಂದರಲ್ಲೂ ಒಂದೊಂದು ಹಾಕಿದಳು. ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಕಾದೆವು.

ಮೊದಲನೆಯ ಮೊಳೆ ಹಾಗೇ ಇತ್ತು. ಎರಡನೆಯದೂ ಹಾಗೇ ಇತ್ತು. ಮೂರನೆಯದು ಕೆಂಪಾಗಿತ್ತು.

"ಬಾನಿಯಲ್ಲಿ ವಿಷ ಇಲ್ಲ. ಕೊಯ್ದ ಹುಲ್ಲಲ್ಲೂ ಇಲ್ಲ" ಅಂದಳು ರೌಶನ್. "ವಿಷ ಸೇರಿದ್ದು ಬಣವೆ ಒಟ್ಟುವಾಗ, ಅದೂ ನಡುವಿಗೆ. ಆ ಹೊತ್ತಲ್ಲಿ ಈ ಹೆಂಗಸರು ಕಣದಲ್ಲಿರಲಿಲ್ಲ. ರೈಟರ್ ಬೇರೆ ಊರಿನವರು, ಯಜಮಾನರ ಬಣವೆಗೆ ಅವರು ಉಪ್ಪುನೀರು ಹಾಕೋಕೆ ಆಗುತ್ತಾ? ಅದು ಒಂದೇ ಕೈಯ ಕೆಲಸ. ಗೌಡರೇ, ಅವತ್ತು ಬೆಳಿಗ್ಗೆ ಮಂಜು ಕವಿದಿತ್ತು, ಪೀಪಾಯಿ ಪಕ್ಕದಲ್ಲೇ ಇತ್ತು. ಮಳೆನೀರು ಅಂದ್ಕೊಂಡು ಅದಕ್ಕೇ ಉಪ್ಪು ಹಾಕಿದ್ರಿ."

ಗೌಡರ ಮುಖದ ರಕ್ತ ಇಳಿದುಹೋಯಿತು. "ಕೈತಪ್ಪಾಯ್ತು ಬೂಬಮ್ಮ. ನನಗಾದ್ರೂ ಏನು ಗೊತ್ತು? ಸತ್ತದ್ದು ನನ್ನದೇ ಎತ್ತು..."

"ಸೋಮವಾರ ಸತ್ತ ಎರಡು ಎತ್ತು ಕೈತಪ್ಪು. ಒಪ್ಪಿದೆ. ರೈಟರೇ, ಹಿತ್ತಿಲ ಹಸು ತಿನ್ನೋ ಭತ್ತದ ಹುಲ್ಲಿನ ಗಾಡಿ ಎಲ್ಲಿಂದ, ಯಾವಾಗ ಬಂತು?"

ಜನಾರ್ದನ ಗೌಡರ ಕಡೆ ನೋಡದೆ ಹೇಳಿದ: "ಸಂಸೆಯಿಂದ, ಮಂಗಳವಾರ."

"ಬಣವೆ ತುಂಬ ಹುಲ್ಲಿರುವಾಗ ಅಷ್ಟು ದೂರದಿಂದ ಹುಲ್ಲು ಯಾಕೆ? ಸೋಮವಾರ ಸಗಣಿಯ ಬಣ್ಣ ನೋಡಿ ನಿಮಗೆ ಅರ್ಥವಾಗಿತ್ತು. ಪೀಪಾಯಿ ತೊಳೆದವರೂ ನೀವೇ. ಕರೆಯೋ ಹಸುವಿಗೆ ಬೇರೆ ಹುಲ್ಲು ತರಿಸಿದ್ರಿ. ಎತ್ತುಗಳಿಗೆ ಮಾತ್ರ ಅದೇ ಬಣವೆ ಹುಲ್ಲು ಹಾಕಿಸ್ತಾ ಹೋದ್ರಿ, ಯಾಕಂದ್ರೆ ನಿಲ್ಲಿಸಿದ್ರೆ ಯಜಮಾನರ ಕೈಯಿಂದಲೇ ಆದದ್ದು ಅಂತ ಎಲ್ಲರಿಗೂ ತಿಳೀತಿತ್ತು. ಬುಧವಾರ ಇನ್ನೂ ಮೂರು ಬಿದ್ದವು. ಇವತ್ತು ಮುದ್ದಮ್ಮನ ಹಸುವಿನ ಮುಂದೂ ಅದನ್ನೇ ಹಾಕಿಸಿದ್ರಿ."

ನನಗೆ ತಡೆಯಲಾಗಲಿಲ್ಲ. "ಥೂ! ಆ ಮೂರು ನಿನ್ನ ಗಾಡಿ ಎಳೆದು ಎಳೆದು ಹೆಗಲು ಬಾವು ಬರಿಸಿಕೊಂಡವು! ಮರ್ಯಾದೆ ಉಳಿಸ್ಕೊಳ್ಳೋಕೆ ಅವನ್ನು ಕೊಂದೆಯಲ್ಲ, ಮೇಲಿಂದ ಲಾಳ ಬೇರೆ ಬೇಕಾ ನಿನಗೆ?" ಅಂತ ಚೀಲವನ್ನೇ ಅವರ ಕಾಲ ಬುಡಕ್ಕೆ ಎಸೆದೆ. ದೊಡ್ಡವರನ್ನು ಏಕವಚನದಲ್ಲಿ ಬೈದದ್ದು ಅದೇ ಮೊದಲು. ಅದಕ್ಕೆ ಇವತ್ತಿಗೂ ನನಗೆ ನಾಚಿಕೆಯಿಲ್ಲ.

ದಫೇದಾರ್ ಗೌಡರ ಮುಖ ನೋಡಿದ, ಜನರ ಮುಖ ನೋಡಿದ, ಕೊನೆಗೆ ಮುದ್ದಮ್ಮನ ಹಗ್ಗ ಬಿಚ್ಚಿದ.

"ಹಸು ಹೊಡ್ಕೊಂಡು ಹೋಗು ಮುದ್ದಮ್ಮ. ಒಂದು ವರ್ಷದ ಹುಲ್ಲು ನಾನೇ ಕೊಡ್ತೀನಿ" ಅಂದರು ಗೌಡರು, ನೆಲ ನೋಡುತ್ತಾ.

"ನಿಮ್ಮ ಹುಲ್ಲು ಯಾರಿಗೆ ಬೇಕು?" ಅಂದಳು ಅವಳು. ಬೆಳ್ಳಿಯ ಹಗ್ಗ ಹಿಡಿದು ನೆಟ್ಟಗೆ ಗುಡ್ಡ ಹತ್ತಿದಳು. ಹೆಂಗಸರು ಅವಳ ಹಿಂದೆ ಹೋದರು. ನಾವೂ ಹೋದೆವು. ಗೋಮಾಳದ ಬೇಲಿಯ ಮುಂದೆ ನಿಂತು ಅವಳು ನನ್ನ ಕಡೆ ಕೈ ಚಾಚಿದಳು.

"ಮಜೀದಣ್ಣ, ಮೊಳೆ ಕೀಳೋ ಇಕ್ಕಳ ಕೊಡಿ."

ಚೀಲ ರೌಶನ್ ಕೈಯಲ್ಲಿತ್ತು. ನಾನು ಸಿಟ್ಟಿನಲ್ಲಿ ಎಸೆದದ್ದನ್ನು ಅವಳು ಎತ್ತಿಕೊಂಡು ಬಂದಿದ್ದಳು. ಮೊದಲ ಗೂಟದ ತಂತಿಯನ್ನು ಮುದ್ದಮ್ಮನೇ ಕಿತ್ತಳು. ಕೈಮೇಲೆ ಹಗ್ಗದ ಗುರುತು ಇನ್ನೂ ಕೆಂಪಗಿತ್ತು. ಬೆಳ್ಳಿ ಒಳಗೆ ಕಾಲಿಟ್ಟು ಹುಲ್ಲಿಗೆ ಬಾಯಿ ಹಾಕಿತು. ಕೆಳಗೆ ಕಣದಲ್ಲಿ ನಿಂತಿದ್ದ ದಫೇದಾರ್ ಎಲ್ಲವನ್ನೂ ನೋಡುತ್ತಿದ್ದ. ಆದರೆ ಮೇಲೆ ಹತ್ತಿ ಬರಲಿಲ್ಲ.

ಒಟ್ಟು ನಲವತ್ತು ಗೂಟ ಇದ್ದವು. ಸಂಜೆಯೊಳಗೆ ನಲವತ್ತನ್ನೂ ಕಿತ್ತೆವು.