ಮಂಚ ಸಾಗಿಸುವ ಸರದಿ

ವ್ಯಾನ್ ಇನ್ನೂ ಬಂದಿರಲಿಲ್ಲ. ಟೈಲರ್ ಹುಡುಗಿ ಚರ್ಚಿನ ಹಾಲಿನಿಂದ ಗೇಟಿಗೆ, ಗೇಟಿನಿಂದ ಹಾಲಿಗೆ ಸುತ್ತಿ ಸುತ್ತಿ ಸೋತಿದ್ದಳು.

ಮನೆಯಿಲ್ಲದ ಕುಟುಂಬಗಳನ್ನು ಊರಿನ ಮೂರು ಚರ್ಚುಗಳು ಸೇರಿ ನೋಡಿಕೊಳ್ಳುತ್ತಿದ್ದವು. ವಾರಕ್ಕೊಂದು ಚರ್ಚಿನ ಹಾಲಿನಲ್ಲಿ ವಾಸ. ಭಾನುವಾರ ಆರಾಧನೆ ಮುಗಿದ ಮೇಲೆ ಮಡಚುವ ಮಂಚ, ಹಾಸಿಗೆ, ಮಕ್ಕಳು ಎಲ್ಲ ವ್ಯಾನ್ ಹತ್ತಿ ಮುಂದಿನ ಚರ್ಚಿಗೆ. ಅವಳ ಚರ್ಚಿನ ನಂತರದ ಸರದಿ ಸೇತುವೆ ಪಕ್ಕದ ಚರ್ಚಿನದು. ಅಲ್ಲಿಂದ ವ್ಯಾನ್ ತರುವವನು ಒಬ್ಬ ಎಲೆಕ್ಟ್ರಿಷಿಯನ್. ಮಂಚದ ಒಂದು ತುದಿ ಅವಳು, ಇನ್ನೊಂದು ತುದಿ ಅವನು ಹಿಡಿದು ಹೊರುವಷ್ಟು ಹೊತ್ತೇ ಅವರ ಪರಿಚಯ. ಅಷ್ಟಕ್ಕೇ ಅವಳ ಮನಸ್ಸು ಅವನತ್ತ ಜಾರಿತ್ತು. ಬಾಯಿಗೆ ಮಾತ್ರ ಬೀಗ.

ಈಗ ನಾಲ್ಕನೆಯ ಚರ್ಚೊಂದು ಸೇರುತ್ತಿತ್ತು. ಅದು ಇವರಿಬ್ಬರ ಚರ್ಚುಗಳ ನಡುವೆ ಬಂದರೆ ಮುಂದಿನ ಸಲ ಮಂಚ ಒಯ್ಯಲು ಇನ್ಯಾರೋ ಬರುತ್ತಾರೆ. ಅದನ್ನು ನಿರ್ಧರಿಸುವ ಸಭೆಗೇ ಅವನು ಹೋಗಿದ್ದ.

"ಅಷ್ಟು ಸಲ ಗೇಟ್ ನೋಡಿದ್ರೆ ವ್ಯಾನ್ ಬೇಗ ಬರುತ್ತಾ?" ಮಗಳು, ಮೊಮ್ಮಕ್ಕಳ ಜೊತೆ ಗಂಟುಮೂಟೆ ಕಟ್ಟಿ ಕೂತಿದ್ದ ಅಜ್ಜಿ ಕೇಳಿದಳು.

"ನಿಮಗೆ ತಡ ಆಗುತ್ತಲ್ಲ ಅಜ್ಜಿ, ಅದಕ್ಕೆ."

"ನನಗೇನವ್ವ ಅವಸರ? ನಾನ್ಯಾರ ದಾರಿ ಕಾಯ್ತಿದ್ದೀನಿ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳು ಕೆದರದ ಕೂದಲನ್ನು ಸರಿಮಾಡಿಕೊಂಡಳು.

ಅಷ್ಟರಲ್ಲಿ ವ್ಯಾನ್ ಬಂತು. ಅವನು ಇಳಿದ, ನಗಲಿಲ್ಲ, ಅವಳತ್ತ ತಿರುಗಿಯೂ ನೋಡಲಿಲ್ಲ. ಸೀದಾ ಬಂದು ಮಂಚಕ್ಕೆ ಕೈ ಹಾಕಿದ. ಅವಳು ಇನ್ನೊಂದು ತುದಿ ಎತ್ತಿದಳು.

"ಸಭೆ ಏನಾಯ್ತು?"

"ನಿಮ್ಮ ನಂತರ ಹೊಸ ಚರ್ಚು. ನಮ್ಮದು ಅದರ ಆಮೇಲೆ."

ಅವಳ ಕೈ ಜಾರಿತು; ಅವನ ಹಿಡಿತವೂ ತಪ್ಪಿ ಮಂಚ ಅವನ ಕಾಲಿನ ಮೇಲೇ ಬಿತ್ತು.

"ನೀವೇನೂ ಹೇಳಲಿಲ್ವಾ?" ತನ್ನ ದನಿಯಲ್ಲಿದ್ದ ಸಿಟ್ಟಿಗೆ ಅವಳೇ ಬೆಚ್ಚಿದಳು.

"ಜಗಳಾನೇ ಆಡ್ದೆ," ಅವನು ಕಾಲು ಉಜ್ಜಿಕೊಂಡ. "ಆದ್ರೆ ಆ ಚರ್ಚು ನಿಮ್ಮ ಪಕ್ಕದ ಬೀದೀಲೇ ಇದೆ. ಮಕ್ಕಳಿಗೆ ಎರಡು ವಾರ ಒಂದೇ ಸ್ಕೂಲ್ ಬಸ್ ಸಿಗುತ್ತೆ. ಅದಕ್ಕೆ ಎದುರಾಡೋದು ಹೇಗೆ? ಒಪ್ಪಿಕೊಂಡೆ."

ಅವನು ಮಾಡಿದ್ದು ಸರಿಯಾಗಿತ್ತು. ಅದಕ್ಕೇ ಅವನು ಇನ್ನಷ್ಟು ಇಷ್ಟವಾದ, ಅದಕ್ಕೇ ಅವಳಿಗೆ ಅಳು ಬಂತು.

"ನಿಮ್ಮ ಪಾಸ್ಟರ್ ಇದ್ದಾರಲ್ಲ," ಅವನ ಕಿವಿ ಕೆಂಪಾಗಿತ್ತು. "'ನಿನ್ನ ಚಿಂತೆ ಮಂಚದ್ದೋ, ಮಂಚ ಹೊರೋರದ್ದೋ' ಅಂತ ಕೇಳೇಬಿಟ್ರು. ನನ್ನ ಮುಖ ನೋಡಿ ಎಲ್ಲರೂ ನಕ್ಕರು. ಈಗ ನಾಲ್ಕೂ ಚರ್ಚಿಗೆ ವಿಷಯ ಗೊತ್ತು. ನಿಮಗೊಬ್ಬರಿಗೇ ಹೇಳಿಲ್ಲ."

ಕಿವಿ ಇತ್ತಲೇ ಇಟ್ಟು ಗಂಟು ಎತ್ತುವ ನಾಟಕ ಆಡುತ್ತಿದ್ದ ಅಜ್ಜಿ ಅದನ್ನೂ ಕೈಬಿಟ್ಟಳು.

"ಇನ್ಮೇಲೆ ನಿಮ್ಮನ್ನ ನೋಡೋಕೆ ನನಗೆ ನೆಪ ಇಲ್ಲ," ಅವನು ಮೊದಲ ಸಲ ಕಣ್ಣೆತ್ತಿ ಅವಳನ್ನೇ ನೋಡಿದ. "ನೆಪ ಇಲ್ಲದೆ ಬರಬಹುದಾ?"

ಅವಳು ಬಗ್ಗಿ ಮಂಚದ ತನ್ನ ತುದಿಯನ್ನು ಎತ್ತಿದಳು.

"ನೆಪ ಇಲ್ಲದೆ ಬರೋರು ಭಾನುವಾರದವರೆಗೂ ಯಾಕೆ ಕಾಯ್ಬೇಕು?" ಅಂದಳು. "ನಾಳೆನೇ ಬನ್ನಿ."