ಹನ್ನೊಂದು ಕಪ್ ಚಹಾ

"ನನ್ನ ಪುಸ್ತಕ ಇಲ್ಲೇ ಇಟ್ಟಿದ್ದೆ. ಯಾರಾದ್ರೂ ನೋಡಿದ್ರಾ?"

ಮಕ್ಕಳ ವಿಭಾಗದ ಅಜ್ಜಿ ಹೀಗೆ ಕೇಳಿದಾಗ ನಮ್ಮ ಗ್ರಂಥಾಲಯದ ಗಡಿಯಾರದಲ್ಲಿ ಹನ್ನೆರಡು ಗಂಟೆ. ಅಜ್ಜಿ ಎಂದರೆ ತೀರ ಮುದುಕಿಯಲ್ಲ, ಆ ತಿಂಗಳು ನಿವೃತ್ತಿಯಾಗಲಿದ್ದ ಸಹೋದ್ಯೋಗಿ. ಮಕ್ಕಳು ಹಾಗೆ ಕರೆಯುತ್ತಿದ್ದರು, ನಾವೂ ಕರೆದೆವು. ಮೇಜಿನಿಂದ ಮಾಯವಾಗಿದ್ದದ್ದು ಅವರ ದಪ್ಪ ನೋಟುಪುಸ್ತಕ. ತಮ್ಮ ಕೋಣೆಗೆ ಕಾಲಿಟ್ಟ ಪ್ರತಿಯೊಬ್ಬರೂ ಯಾವ ದಿನ ಬಂದರು, ಏನು ಕೇಳಿದರು ಎಂದು ಹತ್ತು ವರ್ಷ ಬಿಡದೆ ಅದರಲ್ಲಿ ಬರೆದಿದ್ದರು. ಅದಕ್ಕೆ ಎರಡನೆಯ ಪ್ರತಿ ಇರಲಿಲ್ಲ.

ಅಂದು ಗ್ರಂಥಾಲಯಕ್ಕೆ ರಜೆ. ಬೇರೆ ಬೇರೆ ಗ್ರಂಥಾಲಯಗಳಿಂದ ನಲವತ್ತು ಜನ ಸಿಬ್ಬಂದಿ ನಮ್ಮಲ್ಲಿ ಸೇರಿದ್ದರು. ಕೂಟ ಏರ್ಪಡಿಸಿದವರು ಅಕ್ಕ. ನಮ್ಮ ಪರಾಮರ್ಶನ ವಿಭಾಗದ ಮೇಜಿನ ಹಿಂದೆ ಇಪ್ಪತ್ತಾರು ವರ್ಷ ಕೂತು, ಕಳೆದ ದಾಖಲೆಯಿಂದ ಹಿಡಿದು ಓಡಿಹೋದ ಅಳಿಯನವರೆಗೆ ಊರವರು ಕೇಳಿದ್ದನ್ನೆಲ್ಲ ಹುಡುಕಿಕೊಟ್ಟ ಹೆಂಗಸು. ನಾನು ಇಲ್ಲಿಯ ಬೈಂಡರ್. ಅಕ್ಕನ ಪತ್ತೇದಾರಿಕೆಗೆಲ್ಲ ನಾನೇ ಸಾಕ್ಷಿ, ನಾನೇ ಬಾಲ.

ಕೂಟಕ್ಕೆ ವೇದಿಕೆ ಇರಲಿಲ್ಲ, ಮುಖ್ಯ ಅತಿಥಿ ಇರಲಿಲ್ಲ. ಬಂದವರೇ ತಮಗೆ ಬೇಕಾದ ವಿಷಯವನ್ನು ಚೀಟಿಯಲ್ಲಿ ಬರೆದು ಗೋಡೆಯ ವೇಳಾಪಟ್ಟಿಗೆ ಅಂಟಿಸಬೇಕು. ಇಷ್ಟವಿದ್ದವರು ಆಯಾ ಕೋಣೆಗೆ ಹೋಗಿ ಮಾತಾಡಬೇಕು. ಬೇಸರವಾದರೆ ಎದ್ದು ಇನ್ನೊಂದು ಕೋಣೆಗೆ ನಡೆಯಬಹುದು, ಯಾರೂ ತಪ್ಪು ತಿಳಿಯುವಂತಿಲ್ಲ. ನಮ್ಮ ಮುಖ್ಯಸ್ಥರಿಗೆ ಇದು ಸಂತೆಯಂತೆ ಕಂಡಿತ್ತು. ಮೈಕ್ ಕಂಡರೆ ಬಾಯಿ ತೆರೆಯುವ, ಕೆಲಸ ಕಂಡರೆ ಕಣ್ಣು ಮುಚ್ಚುವ ಮನುಷ್ಯ ಅವರು.

ಅವರಿಗೆ ಸರಿಜೋಡಿ ಎಂದರೆ ಆಡಳಿತ ಮಂಡಳಿ ಕರೆಸಿದ್ದ ತಜ್ಞರು. ಜೇಬಿನಲ್ಲಿ ಮೂರು ಪೆನ್ನು, ನಾಲಗೆಯಲ್ಲಿ ಬೆಣ್ಣೆ. ನಮ್ಮ ಮಕ್ಕಳ ಕೋಣೆಯಲ್ಲಿ ನಲವತ್ತು ದಿನ ಕೂತು ಅಧ್ಯಯನ ಮಾಡಿದೆನೆಂದೂ, ಈಗಿನ ಮಕ್ಕಳು ಏನನ್ನೂ ಕೇಳುವುದಿಲ್ಲವೆಂದೂ, ಆ ಕೋಣೆ ಮುಚ್ಚುವುದೇ ಮೇಲೆಂದೂ ಆಡಳಿತ ಮಂಡಳಿಗೆ ವರದಿ ಕೊಟ್ಟಿದ್ದರು. ಮುಂದಿನ ವಾರ ತೀರ್ಮಾನವಾಗಬೇಕಿತ್ತು.

ಬೆಳಿಗ್ಗೆ ಅಜ್ಜಿ ನೋಟುಪುಸ್ತಕ ಎತ್ತಿ ತೋರಿಸಿ, "ನಮ್ ಕೋಣೆಗೆ ಯಾರ್ ಬಂದ್ರು, ಏನ್ ಕೇಳಿದ್ರು, ಎಲ್ಲಾ ಇದರಲ್ಲಿದೆ. ಹನ್ನೊಂದು ಗಂಟೆಗೆ ಕೂತು ನೋಡೋಣ" ಎಂದು ಚೀಟಿ ಅಂಟಿಸಿದ್ದರು. ತಜ್ಞರು ತಕ್ಷಣ ಎದ್ದು ಆ ಚೀಟಿ ಕಿತ್ತು ಮಧ್ಯಾಹ್ನದ ಸಾಲಿಗೆ ಅಂಟಿಸಿದರು. "ಇಂಥಾ ಅಮೂಲ್ಯವಾದದ್ದಕ್ಕೆ ನಿಧಾನವಾಗಿ ಸಮಯ ಕೊಡ್ಬೇಕಮ್ಮಾ" ಎಂದರು. ಹನ್ನೊಂದರ ಸಾಲಿಗೆ ತಮ್ಮದೇ ಚೀಟಿ ಹಾಕಿದರು: "ಗ್ರಂಥಾಲಯಗಳ ಭವಿಷ್ಯ." ಅಜ್ಜಿ ಪುಸ್ತಕವನ್ನು ಹಾಲಿನ ಮೇಜಿನ ಮೇಲಿಟ್ಟು ಬೇರೆ ಕೋಣೆಯ ಮಾತು ಕೇಳಲು ಹೋದರು.

ಈಗ ಅದು ಇಲ್ಲ.

"ಇದಕ್ಕೇ ಹೇಳಿದ್ದು, ಶಿಸ್ತಿಲ್ಲದ ಸಭೆ ಬೇಡಾಂತ!" ಮುಖ್ಯಸ್ಥರು ಉರಿದುಬಿದ್ದರು. "ಯಾರು ಎಲ್ಲಿದ್ರೂಂತ ಯಾರಿಗೂ ಗೊತ್ತಿಲ್ಲ. ಎಲ್ಲಾ ಕಡೆ ಓಡಾಡಿದೋನು ಒಬ್ಬನೇ, ಈ ಅಟೆಂಡರ್. ಮುಂಬಾಗಿಲ ಕೀಲೀನೂ ಇವನ ಹತ್ರಾನೇ ಇದೆ. ನಾಳೆಯಿಂದ ಕೆಲಸಕ್ಕೆ ಬರಬೇಡ ನೀನು."

ಅಟೆಂಡರ್ ಹತ್ತೊಂಬತ್ತು ವರ್ಷದಿಂದ ಕಪಾಟುಗಳ ಧೂಳು ತಿಂದವನು. ಅವನು ಕೈಯ ಟ್ರೇ ಕೆಳಗಿಟ್ಟ. "ನಾನ್ಯಾಕೆ ಸಾರ್ ಕದೀಲಿ?"

"ನಿನ್ನಂಥವ್ರಿಗೆ ಕಾರಣ ಬೇರೆ ಬೇಕಾ?"

ಅಕ್ಕ ಮುಂದೆ ಬಂದರು. "ಅರ್ಧ ಗಂಟೆ ಕೊಡಿ ಸಾರ್. ಕತ್ತಿಗೆ ಕೆಲಸ ಕೊಡೋ ಮೊದಲು ಕಣ್ಣಿಗೆ ಕೊಡೋಣ."

ನಾವಿಬ್ಬರೂ ನಾಲ್ಕೂ ಕೋಣೆ ಸುತ್ತಿದೆವು. ಮೂರು ಕೋಣೆಗಳಲ್ಲಿ ಚರ್ಚೆ ಬರೆದಿಡಲೆಂದು ಗೋಡೆಗೆ ಅಂಟಿಸಿದ್ದ ಹಾಳೆಗಳ ಮೇಲೆ ಹತ್ತಾರು ಜನರ ಕೈಬರಹ, ಗೀಚು, ಜಗಳ. ತಜ್ಞರ ಕೋಣೆಯ ಹಾಳೆಯಲ್ಲಿ ಒಂದೇ ಕೈಬರಹ, ಮುತ್ತು ಪೋಣಿಸಿದ ಹಾಗೆ. ಕೊನೆಯಲ್ಲಿ ಒಂದು ಸಾಲು: "ಹನ್ನೊಂದು ಜನ, ಇಡೀ ಒಂದು ಗಂಟೆ ಬಿಸಿ ಚರ್ಚೆ." ಬಾಗಿಲ ಹೊರಗಿನ ಸ್ಟೂಲಿನ ಮೇಲೆ ಟ್ರೇಯಲ್ಲಿ ಹನ್ನೊಂದು ಕಪ್ ಚಹಾ. ಒಂದನ್ನೂ ಯಾರೂ ಮುಟ್ಟಿರಲಿಲ್ಲ. ಮೇಲೆ ಕೆನೆ ಕಟ್ಟಿತ್ತು.

"ಒಳಗೆ ಬಂದು ತೊಂದರೆ ಕೊಡಬೇಡ ಅಂದಿದ್ರು ತಜ್ಞರು" ಎಂದ ಅಟೆಂಡರ್. "ಹನ್ನೊಂದೂ ಇಪ್ಪತ್ತಕ್ಕೆ ಇಲ್ಲಿಟ್ಟು ಎರಡು ಸಲ ಬಾಗಿಲು ತಟ್ಟಿ ಹೋದೆ. ಅವ್ರೂ ಸೇರಿ ಹನ್ನೊಂದು ತಲೆ ಒಳಗೆ ಹೋಗಿದ್ದು ಎಣಿಸಿದ್ದೆ."

ಅಕ್ಕ ಕಾರಿಡಾರಿನತ್ತ ನೋಡಿದರು. "ಇವತ್ತು ಈ ಕಟ್ಟಡದಿಂದ ಹೊರಗೆ ಹೋಗೋದು ಏನೇನು?"

"ರದ್ದಿ ಪತ್ರಿಕೆ ಅಷ್ಟೇ ಅಕ್ಕಾ" ಎಂದೆ ನಾನು. "ನಾಲ್ಕಕ್ಕೆ ಗಾಡಿ ಬರುತ್ತೆ. ಕಾಗದದ ಮಿಲ್ಲಲ್ಲಿ ಅರೆದು ಹಿಟ್ಟು ಮಾಡ್ತಾರೆ. ಒಂಬತ್ತು ಕಟ್ಟು, ನಿನ್ನೆ ನಾನೇ ಕಟ್ಟಿ ಈ ಕಾರಿಡಾರಲ್ಲೇ ಇಟ್ಟಿದ್ದೀನಿ."

"ಗಂಟೆಲ್ಲ ನಿನ್ನವೇನಾ ನೋಡು."

ನೋಡಿದೆ. ಎಂಟು ಕಟ್ಟುಗಳಿಗೆ ನನ್ನ ಗಂಟು, ಕತ್ತರಿಯಿಲ್ಲದೆ ಬಿಚ್ಚಲಾಗದ್ದು. ಕಿಟಕಿಯ ಪಕ್ಕದ ಕಟ್ಟಿನ ಹಳೇ ದಾರ ತುಂಡಾಗಿ ಕೆಳಗೆ ಬಿದ್ದಿತ್ತು. ಹೊಸ ದಾರಕ್ಕೆ ಶೂ ಲೇಸಿನ ಹಾಗೆ ಎರಡು ಕಿವಿಯ ಗಂಟು.

"ಮುಟ್ಟಬೇಡ" ಎಂದರು ಅಕ್ಕ. "ಎಲ್ರನ್ನೂ ಕರಿ."

ಹಾಲಿನಲ್ಲಿ ಕುರ್ಚಿಗಳನ್ನು ವೃತ್ತವಾಗಿ ಹಾಕಿ ಎಲ್ಲರೂ ಕೂತರು. ತಜ್ಞರು ಕಾಲ ಮೇಲೆ ಕಾಲು ಹಾಕಿ, ಅಜ್ಜಿಯ ಕಡೆ ಮರುಕದ ನೋಟ ಬೀರುತ್ತಿದ್ದರು.

"ಸಾರ್, ಹನ್ನೊಂದರಿಂದ ಹನ್ನೆರಡರವರೆಗೆ ನೀವೆಲ್ಲಿದ್ರಿ?" ಅಕ್ಕ ಕೇಳಿದರು.

"ಇದೇನ್ ಪ್ರಶ್ನೆ? ನನ್ನ ಕೋಣೇಲಿ. ಹತ್ತು ಜನ ನನ್ನೆದುರಿಗೇ ಕೂತಿದ್ರು, ಅಲ್ಲಾಡದ ಹಾಗೆ."

"ಆ ಹತ್ತು ಜನ ದಯವಿಟ್ಟು ಕೈ ಎತ್ತಿ."

ಹತ್ತು ಕೈ ಮೇಲೆದ್ದವು.

"ಹನ್ನೊಂದೂ ಇಪ್ಪತ್ತಕ್ಕೆ ಅಲ್ಲಿರಲಿಲ್ಲ ಅನ್ನೋರು ಕೈ ಇಳಿಸಿ."

ಒಂದು ಕೈ ಮೆಲ್ಲಗೆ ಇಳಿಯಿತು. ಆಮೇಲೆ ಎರಡು. ಪಕ್ಕದವರ ಮುಖ ನೋಡಿಕೊಂಡು ಮತ್ತೆ ನಾಲ್ಕು. ಕೊನೆಗೆ ಒಂದೂ ಉಳಿಯಲಿಲ್ಲ. ಮಧ್ಯದಲ್ಲೇ ಎದ್ದುಬಂದದ್ದನ್ನು ಹೇಳಿಕೊಳ್ಳಲು ಪ್ರತಿಯೊಬ್ಬರಿಗೂ ನಾಚಿಕೆಯಾಗಿತ್ತು!

"ಕೊನೇಲಿ ಉಳಿದೋಳು ನಾನೇ" ಎಂದರು ಒಬ್ಬ ಕಾಲೇಜು ಗ್ರಂಥಪಾಲಕಿ. "ಹನ್ನೊಂದೂ ಕಾಲಾಗಿತ್ತು. ಅವ್ರು ಗೋಡೆ ಕಡೆ ತಿರುಗಿ ಬರೀತಿದ್ರು. ಆಗ ಬಂದ್ಬಿಟ್ಟೆ."

ಯಾರೋ ಕಿಸಕ್ಕೆಂದರು. ತಜ್ಞರ ಮುಖ ಕೆಂಪಾಯಿತು. "ಸರಿ, ಹೋದ್ರು. ನಾನೊಬ್ಬನೇ ಕೂತು ಬರೀತಿದ್ದೆ. ಅದೇನ್ ಅಪರಾಧಾನಾ?"

"ಒಳಗಿದ್ದಿದ್ರೆ ಬಾಗಿಲು ತಟ್ಟಿದ್ದು ಕೇಳ್ಬೇಕಿತ್ತು. ನಿಮ್ಮ ಪಾಲಿನ ಒಂದು ಕಪ್ಪಾದ್ರೂ ಖಾಲಿಯಾಗ್ಬೇಕಿತ್ತು" ಎಂದರು ಅಕ್ಕ. "ಜನ ಬಿಟ್ಟು ಹೋದ್ರು ಅನ್ನೋದು ನಿಮಗೆ ಅನುಕೂಲಾನೇ ಆಯ್ತು. ಈ ಹಾಲಿಗೆ ಬಂದ್ರಿ, ಇಲ್ಲಿ ಯಾರೂ ಇರಲಿಲ್ಲ. ಮುಂಬಾಗಿಲಿಗೆ ಬೀಗ, ಪುಸ್ತಕ ಹೊರಗೆ ಸಾಗಿಸೋ ಹಾಗಿಲ್ಲ. ನಿಮ್ಮ ಕೋಣೆ ಎದುರಿಗೇ ರದ್ದಿ ಕಟ್ಟುಗಳು. ನಾಲ್ಕು ಗಂಟೆಗೆ ಅದೆಲ್ಲ ಹೋಗಿ ಹಿಟ್ಟಾಗುತ್ತೆ. ದಾರ ಕೊಯ್ದು, ಒಳಗೆ ತುರುಕಿ, ಹೊಸ ದಾರ ಕಟ್ಟಿದ್ರಿ. ಆಮೇಲೆ ವಾಪಸ್ ಹೋಗಿ ಹನ್ನೊಂದು ಜನರ ಚರ್ಚೆ ಬರೆದ್ರಿ. ಅದನ್ನಾದ್ರೂ ಬರೀದೆ ಇದ್ದಿದ್ರೆ ನಿಮ್ಮ ಕಡೆ ನಾನು ನೋಡ್ತಾನೇ ಇರಲಿಲ್ಲ."

ಅಕ್ಕ ಸನ್ನೆ ಮಾಡಿದರು. ನಾನು ಆ ಕಟ್ಟು ತಂದು ಎಲ್ಲರೆದುರಿಗೆ ಬಿಚ್ಚಿದೆ. ಮಧ್ಯದಲ್ಲಿತ್ತು ಪುಸ್ತಕ, ರಟ್ಟು ಮಡಚಿ ಹೋಗಿತ್ತು. ಅಜ್ಜಿ ಅದನ್ನು ಎದೆಗವಚಿಕೊಂಡು, ಸೀರೆ ಸೆರಗಿನಿಂದ ಧೂಳು ಒರೆಸಿದರು.

"ಕದ್ದಿದ್ದು ಯಾಕೆ?" ಮುಖ್ಯಸ್ಥರು ಪೆಚ್ಚಾಗಿ ಕೇಳಿದರು.

"ಅದನ್ನ ಪುಸ್ತಕಾನೇ ಹೇಳುತ್ತೆ" ಎಂದರು ಅಕ್ಕ. "ಚೀಟಿ ಮಧ್ಯಾಹ್ನಕ್ಕೆ ಯಾಕೆ ಹಾಕಿದ್ರು ಅನ್ನೋದೂ ಆಗ ಅರ್ಥವಾಗುತ್ತೆ. ಅಜ್ಜಿ, ವರದಿಯ ಆ ನಲವತ್ತು ದಿನ ತೆಗೀರಿ."

ಅಜ್ಜಿ ಹಾಳೆ ತಿರುವುತ್ತ ಓದಿದರು. ಒಂದು ದಿನ ಮೂವತ್ತು ಮಕ್ಕಳು, ಇನ್ನೊಂದು ದಿನ ನಲವತ್ತೆರಡು. ಆನೆಗೆ ನೆಗಡಿ ಬರುತ್ತಾ? ಸತ್ತೋರು ಓದಬಹುದಾ? ಅಪ್ಪ ಬಯ್ಯದ ಪುಸ್ತಕ ಇದೆಯಾ? ಪುಟ ಪುಟವೂ ಪ್ರಶ್ನೆಗಳೇ. ತಜ್ಞರ ಹೆಸರು ಬಂದದ್ದು ಒಂದೇ ಕಡೆ. ಅಜ್ಜಿ ಕನ್ನಡಕ ಸರಿಮಾಡಿಕೊಂಡರು.

"ಮಂಗಳವಾರ, ಹನ್ನೆರಡೂವರೆ. ತಜ್ಞರು ಬಂದರು. ‘ಫ್ಯಾನ್ ಸ್ವಿಚ್ ಎಲ್ಲಿದೆ?’ ಎಂದು ಕೇಳಿದರು. ಹತ್ತು ನಿಮಿಷ ಕೂತು ಹೋದರು."

ನಲವತ್ತು ಜನ ನಕ್ಕರು. ಕಳ್ಳ ಎಂದಾಗ ತಲೆ ಎತ್ತಿಯೇ ಇದ್ದ ಮನುಷ್ಯ, ನಗು ಕೇಳಿದ ಮೇಲೆ ತಲೆ ತಗ್ಗಿಸಿದ. ಅಂಥವರ ಜೀವ ಇರುವುದೇ ಜನ ಕೊಡುವ ಮರ್ಯಾದೆಯಲ್ಲಿ. ವರದಿ ಹಿಂದಕ್ಕೆ ತೆಗೆದುಕೊಳ್ಳುವ ಪತ್ರವನ್ನು ಅಲ್ಲೇ ಬರೆಸಿಕೊಂಡು, ನಲವತ್ತು ಜನರ ಸಹಿ ಹಾಕಿಸಿದರು ಅಕ್ಕ. ಅಟೆಂಡರ್ ಬಾಗಿಲು ತೆರೆದು ತಜ್ಞರನ್ನು ಹೊರಗೆ ಕಳಿಸಿದ.

ಮುಖ್ಯಸ್ಥರೂ ಮೆಲ್ಲಗೆ ಜಾರಿಕೊಳ್ಳುತ್ತಿದ್ದರು. ಅಕ್ಕ ಕೆಮ್ಮಿದರು. ಅವರು ನಿಂತು, ಅಟೆಂಡರನ ಭುಜದತ್ತ ಬಾಗಿ, ನೆಲಕ್ಕೆ ಹೇಳುವಂತೆ ಗೊಣಗಿದರು: "ತಪ್ಪಾಯ್ತಪ್ಪಾ."

ಅಟೆಂಡರನ ಕಿವಿ ಎಷ್ಟು ಚುರುಕೆಂದರೆ, ಮೂರನೇ ಮಹಡಿಯಲ್ಲಿ ಯಾರಾದರೂ ಪುಟ ಹರಿದರೂ ಅವನಿಗೆ ಕೇಳಿಸುತ್ತಿತ್ತು. ಆದರೂ ಅವನು ಕೈಯನ್ನು ಕಿವಿಗೆ ಹಿಡಿದ.

"ಏನಂದ್ರಿ ಸಾರ್? ಕೇಳಿಸ್ಲಿಲ್ಲ."

ಮೂರನೆಯ ಸಲ ಹೇಳಿದ್ದು ಬೀದಿಯವರೆಗೂ ಕೇಳಿಸಿತು.